ಗ್ರಂಥವು ಶಾಸನವಾಗುವ ಬಗೆ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ನಮ್ಮ ಮನೆಗಳಲ್ಲಿ ಲಗ್ನಪತ್ರಿಕೆಯ ನೆತ್ತಿಯ ಮೇಲೆ ಬಸವಣ್ಣನವರ ವಚನವೊಂದನ್ನು ಅಚ್ಚು ಹಾಕಿಸುವುದುಂಟು. ಅದೇ ಮನೆಯ ಪಡಸಾಲೆಯಲ್ಲಿ ಒಳಪಂಗಡ ಯಾವುದು, ವರದಕ್ಷಿಣೆ ಎಷ್ಟು ಎಂಬ ಮಾತುಕತೆ ನಡೆದಿರುವುದೂ ಉಂಟು. ಹಾಗಾದರೆ ವಚನವು ನಮಗೆ ಅಲಂಕಾರವೋ, ಶಾಸನವೋ? ಗ್ರಂಥವೊಂದು ಸಮಾಜಕ್ಕೆ ಪ್ರಮಾಣವಾಗುವುದಾದರೂ ಹೇಗೆ?

ಇದಕ್ಕೆ ಯಹೂದ್ಯರ ಪರಂಪರೆಯಲ್ಲಿ ಒಂದು ನಿದರ್ಶನವಿದೆ. ಬ್ಯಾಬಿಲೋನಿನ ಸೆರೆಯಿಂದ ಮರಳಿದ ಜನರು ಜೆರೂಸಲೇಮಿನ ನೀರುಬಾಗಿಲ ಮುಂದಣ ಬಯಲಿನಲ್ಲಿ ನೆರೆದಾಗ, ಎಜ್ರನೆಂಬ ಪಂಡಿತನು ಮೋಶೆಯ ಧರ್ಮಗ್ರಂಥವನ್ನು ಬೆಳಗಿನಿಂದ ನಡುಹಗಲವರೆಗೆ ಓದಿದನೆಂದು ಅವರ ಗ್ರಂಥವೇ ಹೇಳುತ್ತದೆ. ಗಂಡಸರೂ ಹೆಂಗಸರೂ ಕೇಳಿದರು. ಅರ್ಥವನ್ನು ಬಿಡಿಸಿ ಹೇಳುವವರು ಜೊತೆಗಿದ್ದರು. ಬಳಿಕ ಹಿರಿಯರು ಅದರಂತೆ ನಡೆಯುವೆವೆಂದು ಒಡಂಬಡಿಕೆಗೆ ಮುದ್ರೆಯೊತ್ತಿದರು. ಕ್ರಿ.ಶ. 70ರಲ್ಲಿ ರೋಮನರು ಅವರ ದೇಗುಲವನ್ನು ಕೆಡವಿದರೂ ಗ್ರಂಥವು ಜನರೊಡನೆ ಉಳಿಯಿತು. ಪಂಡಿತರ ವಾದ ವಿವಾದಗಳು ಮುಂದೆ ತಾಲ್ಮುದ್ ಎಂಬ ಸಂಗ್ರಹವಾದವು.

ನಮ್ಮಲ್ಲಿಯೂ 12ನೆಯ ಶತಮಾನದ ಕಲ್ಯಾಣವು ಚದುರಿದ ಮೇಲೆ ಉಳಿದುದು ವಚನವೇ. 15ನೆಯ ಶತಮಾನದ ವಿಜಯನಗರ ಕಾಲದಲ್ಲಿ ವಿರಕ್ತರು ಅವನ್ನು ಅರಸಿ ಕೂಡಿಸಿದರು. ಶಿವಗಣಪ್ರಸಾದಿ ಮಹದೇವಯ್ಯನವರು ‘ಶೂನ್ಯಸಂಪಾದನೆ’ಯಲ್ಲಿ ಅವನ್ನು ಶರಣರ ಸಂವಾದವಾಗಿ ಹೊಂದಿಸಿದರು. ಅಲ್ಲಿ ಅಲ್ಲಮಪ್ರಭುಗಳು ಬಸವಣ್ಣನವರನ್ನೂ ಪ್ರಶ್ನಿಸುತ್ತಾರೆ, ಅಕ್ಕಮಹಾದೇವಿಯನ್ನೂ ಪರೀಕ್ಷಿಸುತ್ತಾರೆ. ಒಬ್ಬರ ಅಪ್ಪಣೆಯಿಂದಲ್ಲ, ಪ್ರಶ್ನೆಗೆ ಒಡ್ಡಿಕೊಂಡ ಅನುಭವದಿಂದ ಮಾತು ಪ್ರಮಾಣವಾಗುತ್ತದೆ.

ಆದರೆ ಕಾಲಾಂತರದಲ್ಲಿ ಎಷ್ಟೋ ಓಲೆಕಟ್ಟುಗಳು ದೇವರ ಜಗುಲಿಯಲ್ಲಿ ಪೂಜೆಗೆ ಸಂದವು, ಓದಿಗೆ ದೊರೆಯಲಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕಲೆಹಾಕಿ, 1923ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು. ಅದಕ್ಕಿಟ್ಟ ಹೆಸರು ‘ವಚನಶಾಸ್ತ್ರಸಾರ’. ಆಡುನುಡಿಯ ಮಾತನ್ನು ಶಾಸ್ತ್ರದ ಸ್ಥಾನದಲ್ಲಿ ಕೂರಿಸಿದ ಹೆಸರದು. 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು.

ಬಯಲಿನಲ್ಲಿ ಜನರಿಗೆ ಕೇಳಿಸುವ ಕಾರ್ಯಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು 1950ರಲ್ಲಿ ತರಳಬಾಳು ಹುಣ್ಣಿಮೆ ಮಹೋತ್ಸವವನ್ನು ಆರಂಭಿಸಿದ್ದು ಜಗಳೂರಿನಲ್ಲಿ. ಅಂದಿನಿಂದ ಊರಿಂದೂರಿಗೆ ಸಾಗಿದ ಆ ವೇದಿಕೆಯಲ್ಲಿ ರೈತರೂ ಕೂಲಿಕಾರರೂ ವಚನಗಳನ್ನು ಕೇಳಿದ್ದಾರೆ, ಅರ್ಥವನ್ನೂ ಅರಿತಿದ್ದಾರೆ.

ಸಂಗ್ರಹವಾಯಿತು, ಮುದ್ರಣವಾಯಿತು, ಶ್ರವಣವೂ ಆಯಿತು. ಹಿರಿಯರು ಮುದ್ರೆಯೊತ್ತುವ ಕಾರ್ಯವೊಂದು ಉಳಿದಿದೆ. ಅದನ್ನು ಮಠವಾಗಲಿ ಸರ್ಕಾರವಾಗಲಿ ನಮ್ಮ ಪರವಾಗಿ ಮಾಡಲಾರದು. ಮುಂದಿನ ಸಲ ನೆಂಟಸ್ತಿಕೆಯ ಮಾತಿಗೆ ಕುಳಿತಾಗ, ಲಗ್ನಪತ್ರಿಕೆಗೆ ಆರಿಸಿದ ವಚನವನ್ನು ಮೊದಲು ಗಟ್ಟಿಯಾಗಿ ಓದಿಸಿರಿ. ಮದುಮಗಳೂ ಆ ಸಭೆಯಲ್ಲಿ ಕುಳಿತಿರಲಿ. ಆಮೇಲೆಯೂ ವರದಕ್ಷಿಣೆಯ ಮಾತೆತ್ತಲು ನಾಲಗೆ ಏಳುವುದೇ, ನೋಡೋಣ.