ಬಾಣಂತಿ ಸನ್ನಿಗೆ ತಾಯಿತ ಯಾಕೆ ಸ್ವಾಮಿ?

"ಹೆತ್ತು ಐದು ದಿನ ಆಗಿಲ್ಲ, ಎಷ್ಟು ಚುರುಕಾಗಿದ್ದಾಳೆ ನೋಡಿ!" ಮುಂಬೈಯ ನಮ್ಮವರ ಮನೆಗಳಲ್ಲಿ ಈ ಹೊಗಳಿಕೆ ಕೇಳಿದರೆ ನನಗೆ ಭಯ. ಮಗು ಮಲಗಿದಾಗಲೂ ಬಾಣಂತಿಗೆ ನಿದ್ದೆ ಬೇಡ, ಸುಸ್ತೂ ಇಲ್ಲ, ಮಾತು ನಿಲ್ಲುತ್ತಿಲ್ಲ, ನಡುರಾತ್ರಿ ಕಪಾಟು ಜೋಡಿಸುತ್ತಾಳೆ, ಮಗು ದೇವರ ಅವತಾರ ಅನ್ನುತ್ತಾಳೆ, ಮರುಗಳಿಗೆ ರೇಗುತ್ತಾಳೆ ಅಂದರೆ ಅದು ಚುರುಕಲ್ಲ ಸ್ವಾಮಿ, ಕಾಯಿಲೆ!

ನಮ್ಮ ಅಜ್ಜಿಯಂದಿರು ಇದನ್ನು ಕಂಡಿದ್ದರು. 'ಬಾಣಂತಿ ಸನ್ನಿ' ಅಂದರು. ಅವರಿಗೆ ಮದ್ದು ಸಿಗುತ್ತಿರಲಿಲ್ಲ, ನಮಗೆ ಸಿಗುತ್ತದೆ. ಆದರೂ ನಾವು ಊರಿಗೆ ಫೋನ್ ಮಾಡಿ ತಾಯಿತ ತರಿಸುತ್ತೇವೆ!

ಸಾವಿರ ಹೆರಿಗೆಗೆ ಒಂದೋ ಎರಡೋ ಇಂಥ ತೀವ್ರ ಸನ್ನಿ. ಹೆಚ್ಚಾಗಿ ಮೊದಲ 2 ವಾರಗಳಲ್ಲೇ ಶುರು, ನೋಡನೋಡುತ್ತಲೇ ಏರುತ್ತದೆ. ಬೈಪೋಲಾರ್ ಕಾಯಿಲೆ ಇದ್ದವರಿಗೆ ಅಪಾಯ ಬಹಳ ಹೆಚ್ಚು. ಮದುವೆ ಮಾತುಕತೆಯಲ್ಲಿ ಮುಚ್ಚಿಟ್ಟಿದ್ದನ್ನು ಹೆರಿಗೆ ಡಾಕ್ಟರಿಗಾದರೂ ಹೇಳಿ.

ಲಕ್ಷಣ ಕಂಡ ದಿನವೇ ಮನೋವೈದ್ಯರಲ್ಲಿಗೆ ಹೋಗಿ. ಅಲ್ಲಿಯವರೆಗೆ ತಾಯಿ-ಮಗು ಇಬ್ಬರನ್ನೇ ಬಿಡಬೇಡಿ. ಆಂಟಿಸೈಕೋಟಿಕ್ ಮಾತ್ರೆ, ಲಿಥಿಯಂ, ಬೇಕಾದರೆ ಇಸಿಟಿ ಇವೆ. ಚಿಕಿತ್ಸೆ ಸಿಕ್ಕರೆ ಬಹುತೇಕ ತಾಯಂದಿರು ಚೇತರಿಸಿಕೊಳ್ಳುತ್ತಾರೆ. ಹಾಲೂಡಿಸುವ ವಿಚಾರ ವೈದ್ಯರನ್ನೇ ಕೇಳಿ, ಪಕ್ಕದ ಮನೆಯವರನ್ನಲ್ಲ.

"ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ದೂರ ಮಾಡ್ತಾರೆ" ಅನ್ನಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ತಾಯಿ-ಮಗು ಒಟ್ಟಿಗೆ ಇರುವ ವಾರ್ಡ್ ಶುರುವಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಅಗಲಿಸಬಾರದು ಅನ್ನುತ್ತದೆ. ಮಗುವಿಗೆ ಅಪಾಯವಿದ್ದರೆ ಮಾತು ಬೇರೆ.

"ಜನ ಏನಂದಾರು, ನಾಮಕರಣ ಮುಗಿಯಲಿ" ಅನ್ನುವವರಿಗೆ ಒಂದೇ ಮಾತು: ನಾಮಕರಣ ಮುಂದೆ ಹೋದರೆ ಯಾರೂ ಸಾಯುವುದಿಲ್ಲ. ಚಿಕಿತ್ಸೆ ಮುಂದೆ ಹೋದರೆ ತಾಯಿಯೂ ಸಾಯಬಹುದು, ಮಗುವೂ.