ನದಿದಂಡೆಯ ಬೆಂಚು ಮತ್ತು ಕಲಾವಿದ

ನಮ್ಮ ಊರುಗಳು ಬೆನ್ನು ತಿರುಗಿಸಿದ್ದ ನದಿಗಳ ಕಡೆಗೆ ಮತ್ತೆ ಮುಖ ಮಾಡತೊಡಗಿವೆ. ಅಹಮದಾಬಾದಿನಲ್ಲಿ ಸಾಬರಮತಿ ದಂಡೆಯ ನಡಿಗೆ ಪಥ 2012ರಲ್ಲಿ ಜನರಿಗೆ ತೆರೆದುಕೊಂಡಿತು. ಶಿವಮೊಗ್ಗದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ತುಂಗೆಯ ದಂಡೆಗುಂಟ ಪಥ ಬಂದಿದೆ. ಇಂಥ ಕಾಮಗಾರಿಗಳಲ್ಲಿ ತಡೆಗೋಡೆ, ನೆಲಹಾಸು, ದೀಪದ ಕಂಬಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಬೆಂಚು ಮಾತ್ರ ಅಂದಾಜು ಪಟ್ಟಿಯ ಕೊನೆಗೆ ಸೇರುವ ಸಾಮಾನು. ಅದನ್ನು ಕಲಾವಿದರಿಂದ ಮಾಡಿಸಬೇಕೇ ಎಂದು ಕೇಳಿದರೆ ಹೌದು ಎಂಬುದೇ ನನ್ನ ಉತ್ತರ. ಷರತ್ತು ಒಂದೇ: ಆ ಕಲೆ ಕೂರುವವರ ಅಗತ್ಯದಿಂದ ಹುಟ್ಟಬೇಕು, ಅದರ ಆಯ್ಕೆಯಲ್ಲಿ ಕೂರುವವರಿಗೆ ಪಾಲಿರಬೇಕು.

ಆಸನ ಬೇರೆ, ಶಿಲ್ಪ ಬೇರೆ ಎಂಬ ಭಾವನೆ ನಮ್ಮ ನೆಲದ್ದಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಅದರ ತೆರೆದ ಮಂಟಪದ ಅಂಚಿನ ಗಿಡ್ಡ ಗೋಡೆಯ ಹೊರಮೈಯಲ್ಲಿ ರಾಮಾಯಣ, ಮಹಾಭಾರತದ ಕಥೆಗಳನ್ನು ಫಲಕ ಫಲಕವಾಗಿ ಕಡೆದಿದ್ದಾರೆ. ಒಳಗಡೆಯಿಂದ ಅದೇ ಗೋಡೆ ಕಲ್ಲಿನ ಜಗಲಿಯ ಮೇಲೆ ಕೂತವರಿಗೆ ಒರಗು. ಚಾಲುಕ್ಯ, ಹೊಯ್ಸಳರ ತೆರೆದ ಮಂಟಪಗಳಲ್ಲಿ ಮತ್ತೆ ಮತ್ತೆ ಕಾಣುವ ಕಕ್ಷಾಸನದ ಗುಟ್ಟು ಇದೇ. ದಣಿದ ಬೆನ್ನಿಗೂ ನೋಡುವ ಕಣ್ಣಿಗೂ ಒಂದೇ ಕಲ್ಲು ಒದಗುತ್ತದೆ.

ನದಿಯ ದಂಡೆಗೆ ಇದೇ ಮಾತು ಹೇಗೆ ಒಪ್ಪುತ್ತದೆ ಎಂಬುದಕ್ಕೆ ಲಂಡನ್ನಿನ ಥೇಮ್ಸ್ ದಂಡೆ ಸಾಕ್ಷಿ. ಅಲ್ಲಿನ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನಲ್ಲಿ 1870ರ ದಶಕದ ಬೆಂಚುಗಳಿವೆ. ಎರಕದ ಕಬ್ಬಿಣದ ಒಂಟೆಗಳು, ಸ್ಫಿಂಕ್ಸ್‌ಗಳು ಅವುಗಳ ಕೈಗಳಾಗಿವೆ. ಕೆಲವನ್ನು ಎತ್ತರದ ಕಲ್ಲುಪೀಠದ ಮೇಲೆ ಇಟ್ಟಿರುವುದರಿಂದ ಕೂತವರಿಗೆ ದಂಡೆಯ ಗೋಡೆಯಾಚೆಗೆ ನೀರು ಕಾಣುತ್ತದೆ. ಒಂಟೆಗಿಂತ ಈ ಪೀಠವೇ ದೊಡ್ಡ ಕಲೆ ಎಂದು ನಾನು ತಿಳಿಯುತ್ತೇನೆ. ನದಿ ನೋಡಲು ಬಂದವನಿಗೆ ನದಿಯನ್ನು ಕಾಣಿಸಿದವನು ಅಲಂಕಾರಕ್ಕಿಂತ ಮೊದಲು ಮನುಷ್ಯನನ್ನು ನೆನೆದಿದ್ದಾನೆ.

ಅದೇ ಲಂಡನ್ನಿನ ಕ್ಯಾಮ್ಡೆನ್ ಆಡಳಿತ 2012ರಲ್ಲಿ ಇನ್ನೊಂದು ಬಗೆಯ ಬೆಂಚು ಮಾಡಿಸಿತು. ಕಾಂಕ್ರೀಟಿನ ಆ ದಿಮ್ಮಿಯ ಮೈಯೆಲ್ಲ ಇಳಿಜಾರು. ಯಾರೂ ಮಲಗಬಾರದು, ಸ್ಕೇಟ್‌ಬೋರ್ಡ್ ಓಡಿಸಬಾರದು, ಏನನ್ನೂ ಬಚ್ಚಿಡಬಾರದು ಎಂದು ಲೆಕ್ಕ ಹಾಕಿ ರೂಪಿಸಿದ್ದು. ಅದರ ಹಿಂದೆಯೂ ವಿನ್ಯಾಸಕಾರರ ಜಾಣ್ಮೆಯಿದೆ. ಆ ಜಾಣ್ಮೆಯೆಲ್ಲ ಜನರನ್ನು ದೂರವಿಡಲು ಖರ್ಚಾಗಿದೆ. ಮನೆಯಿಲ್ಲದವನು ಮಲಗುತ್ತಾನೆಂದು ಬೆಂಚನ್ನೇ ಓರೆ ಮಾಡಿದರೆ ಮಂಡಿನೋವಿನ ಅಜ್ಜಿಗೂ ಅಲ್ಲಿ ಜಾಗವಿಲ್ಲ. ಆದ್ದರಿಂದ ಕಲಾವಿದರಿಗೆ ಕೆಲಸ ಒಪ್ಪಿಸುವಾಗ ಮೊದಲು ತೀರ್ಮಾನವಾಗಬೇಕಾದದ್ದು ನಮ್ಮ ಉದ್ದೇಶ. ಕರೆಯಲು ಬೆಂಚೋ, ಓಡಿಸಲು ಬೆಂಚೋ?

ಉದ್ದೇಶ ಒಳ್ಳೆಯದಿದ್ದರೂ ಕೇಳಬೇಕಾದವರನ್ನು ಕೇಳದಿದ್ದರೆ ಏನಾಗುತ್ತದೆಂಬುದನ್ನು ನ್ಯೂಯಾರ್ಕ್ ನೋಡಿದೆ. ಫೆಡರಲ್ ಪ್ಲಾಜಾದ ಅಂಗಳದಲ್ಲಿ 1981ರಲ್ಲಿ ಸರ್ಕಾರವೇ ಕೊಟ್ಟ ಕೆಲಸದಂತೆ ರಿಚರ್ಡ್ ಸೆರ್ರಾ ಅವರ 'ಟಿಲ್ಟೆಡ್ ಆರ್ಕ್' ನಿಂತಿತು. ಸುಮಾರು 36 ಮೀಟರ್ ಉದ್ದ, 3.6 ಮೀಟರ್ ಎತ್ತರದ ಉಕ್ಕಿನ ಗೋಡೆ ಅದು. ಅಂಗಳ ದಾಟುವವರು ಅದನ್ನು ಬಳಸಿಕೊಂಡು ಹೋಗಬೇಕಾಯಿತು. 1985ರ ಬಹಿರಂಗ ವಿಚಾರಣೆಯಲ್ಲಿ ಮಾತಾಡಿದವರ ಪೈಕಿ ಅದು ಉಳಿಯಲಿ ಎಂದವರೇ ಹೆಚ್ಚು. ಆದರೂ 1989ರಲ್ಲಿ ಅದನ್ನು ಕತ್ತರಿಸಿ ತೆಗೆದರು. ಮುಂದೆ ಅದೇ ಅಂಗಳಕ್ಕೆ ಬಂದದ್ದು ಮಾರ್ಥಾ ಶ್ವಾರ್ಟ್ಸ್ ಅವರ ಸುರುಳಿಸುರುಳಿಯ ಹಸಿರು ಬೆಂಚುಗಳು. ಇದರಲ್ಲಿ ಸೋತದ್ದು ಕಲೆಯೂ ಹೌದು, ಜನರೂ ಹೌದು. ನಿಲ್ಲಿಸಿದ ಮೇಲೆ ನಡೆದ ಮಾತುಕತೆ ನಿಲ್ಲಿಸುವ ಮೊದಲೇ ನಡೆದಿದ್ದರೆ ಕಲಾವಿದನಿಗೂ ಆ ನೋವು ತಪ್ಪುತ್ತಿತ್ತು.

ಕುಡಿಯುವ ನೀರಿಗೆ, ಶೌಚಾಲಯಕ್ಕೆ ಹಣವಿಲ್ಲದಾಗ ಕಲೆಗೆ ಏಕೆ ಖರ್ಚು ಎಂಬ ಆಕ್ಷೇಪ ತೂಕದ್ದು. ಅವುಗಳ ಹಣಕ್ಕೆ ಕೈಹಾಕಿ ಕಲೆ ಮಾಡಿಸಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಪಥವಿದ್ದಲ್ಲಿ ಬೆಂಚು ಹೇಗೂ ಬರುತ್ತದೆ. ಕಾರ್ಖಾನೆಯ ಬೆಂಚಿಗೂ ಕಲಾವಿದನ ಬೆಂಚಿಗೂ ಇರುವ ವ್ಯತ್ಯಾಸದ ಮೊತ್ತವಷ್ಟೇ ಇಲ್ಲಿನ ಪ್ರಶ್ನೆ. ಫ್ರಾನ್ಸ್ 1951ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲಿ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲನ್ನು ಕಲೆಗೆ ತೆಗೆದಿಡುವ ನಿಯಮ ತಂದವು. ನಮ್ಮ ನಗರಪಾಲಿಕೆಗಳಿಗೆ ಅದು ಎಟುಕದ ಮಾತಲ್ಲ. ಆ ದುಡ್ಡು ನಮ್ಮ ಕುಶಲಕರ್ಮಿಗಳ ಮನೆಗೇ ಹೋಗುತ್ತದೆ ಎಂಬುದನ್ನೂ ಮರೆಯಬಾರದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು ಕಡೆಯುವ ಮನೆತನಗಳಿವೆ. ಸಾಗರ, ಸೊರಬದಲ್ಲಿ ಮರ ಕೆತ್ತುವ ಗುಡಿಗಾರರಿದ್ದಾರೆ. ಅದೇ ಸೀಮೆಯ ದೀವರ ಹೆಣ್ಣುಮಕ್ಕಳ ಕೈಯಲ್ಲಿ ಚಿತ್ತಾರವಿದೆ. ತುಂಗೆಯ ದಂಡೆಯ ಬೆಂಚಿಗೆ ಇವರಿಗಿಂತ ಹತ್ತಿರದವರು ಯಾರು?

ತೊಡಕಿರುವುದು ಕೆಲಸ ಒಪ್ಪಿಸುವ ರೀತಿಯಲ್ಲಿ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆ ತರಲು ಕರ್ನಾಟಕ 1999ರಲ್ಲಿ ಕಾಯ್ದೆ ಮಾಡಿತು. ಅದು ಬೇಕಾದದ್ದೇ. ಆದರೆ ಸಿಮೆಂಟು ಕೊಳ್ಳುವ ಹಾಗೆ ಕಡಿಮೆ ದರ ಹೇಳಿದವರಿಗೆ ಕಲೆಯ ಕೆಲಸ ಕೊಟ್ಟರೆ ಕೈಗೆ ಬರುವುದು ಬೆಲೆಯೇ ಹೊರತು ಕಲೆಯಲ್ಲ. ಮೊತ್ತವನ್ನು ಮೊದಲೇ ನಿಗದಿ ಮಾಡಿ, ವಿನ್ಯಾಸಗಳಿಗೆ ಬಹಿರಂಗ ಕರೆ ಕೊಟ್ಟು, ಆಯ್ದ ಕೆಲವರಿಗೆ ಗೌರವಧನ ನೀಡಿ ಒಂದೊಂದು ಮಾದರಿ ಮಾಡಿಸಬೇಕು. ಆ ಮಾದರಿಗಳು ಒಂದು ಬೇಸಿಗೆ, ಒಂದು ಮಳೆಗಾಲ ಪಥದ ಮೇಲೇ ಇರಲಿ. ಶಿವಮೊಗ್ಗದವರು ತುಂಗೆಯ ಪ್ರವಾಹವನ್ನು ಅಳೆಯುವುದೇ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಿ. ಅಂಥ ನದಿಯ ಪಕ್ಕದ ಬೆಂಚು ನೆರೆಗೂ ಕೆಸರಿಗೂ ಜಗ್ಗಬಾರದು. ಬಿಸಿಲಲ್ಲಿ ಕಾದ ಲೋಹ ಮೈ ಸುಡುತ್ತದೆ, ಹೊಂಡಬಿದ್ದ ಕಲ್ಲಿನಲ್ಲಿ ನೀರು ನಿಲ್ಲುತ್ತದೆ. ಸುಮಾರು 45 ಸೆಂಟಿಮೀಟರ್ ಎತ್ತರ, ಎದ್ದೇಳಲು ಆಸರೆಯ ಕೈ, ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಜಾಗ ಇರಲೇಬೇಕು. ಬೆಳಗಿನ ನಡಿಗೆಯವರು, ಮೀನುಗಾರರು, ಬಟ್ಟೆ ಒಗೆಯಲು ಬರುವವರು, ಶಾಲೆಯ ಮಕ್ಕಳು ಕೂತು ನೋಡಿ ಹೇಳಿದ್ದು ಆಯ್ಕೆ ಸಮಿತಿಯ ಮುಂದೆ ಬರಬೇಕು. ಜನ ಅಗತ್ಯ ಹೇಳಲಿ, ರೂಪವನ್ನು ಕಲಾವಿದ ಕಂಡುಕೊಳ್ಳಲಿ. ಎಲ್ಲರ ಮತ ಎಣಿಸಿ ಬರೆದ ಚಿತ್ತಾರದಲ್ಲಿ ಯಾರ ಕೈಯೂ ಕಾಣುವುದಿಲ್ಲ.

ಇನ್ನೆರಡು ಮಾತು ಕರಾರಿನಲ್ಲಿ ಸೇರಬೇಕು. ಒಂದು, ನಿರ್ವಹಣೆಯ ಹಣ ಮತ್ತು ಹೊಣೆ ಮೊದಲ ದಿನವೇ ನಿಗದಿಯಾಗಲಿ. ಎರಡು, ಬೆಂಚಿನ ಮೇಲೆ ಹೆಸರು ಬರೆಯುವುದಾದರೆ ಅದು ಮಾಡಿದವರ ಹೆಸರಾಗಲಿ. ತೆರಿಗೆಯ ದುಡ್ಡಿನ ಆಸನಕ್ಕೆ ಜನಪ್ರತಿನಿಧಿಯ ಹೆಸರು ಬೇಕಿಲ್ಲ.

ನಿಮ್ಮ ಊರಿನಲ್ಲೂ ನದಿಯ ದಂಡೆಗೆ ಪಥ ಬರುವುದಿದ್ದರೆ ಟೆಂಡರ್ ಕರೆಯುವ ಮುನ್ನವೇ ವಾರ್ಡಿನ ಸಭೆಯಲ್ಲಿ ಎದ್ದು ಕೇಳಿ: ಬೆಂಚನ್ನು ಯಾರು ಮಾಡುತ್ತಾರೆ, ಯಾರನ್ನು ಕೇಳಿ ಮಾಡುತ್ತಾರೆ? ಕಾಂಕ್ರೀಟು ಬಿದ್ದ ಮೇಲೆ ಈ ಪ್ರಶ್ನೆಗೆ ಬೆಲೆಯಿಲ್ಲ.