ಓಟದ ವೇಗವೂ ಆಟದ ವಿವೇಕವೂ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅದರಲ್ಲಿ ಚೆಂಡು ಬಹುಮಟ್ಟಿಗೆ ಕೈಯಲ್ಲಿಯೇ ಇರುತ್ತದೆ. ತಂಡದ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಕಾಲೇಜಿನಿಂದ ಬರುವ ತರುಣರನ್ನು ವೃತ್ತಿತಂಡಗಳು ಸರದಿಯಂತೆ ಆರಿಸಿಕೊಳ್ಳುವ ಮುನ್ನ ಇಂಡಿಯಾನಾಪೊಲಿಸ್ ನಗರದಲ್ಲಿ ಅವರ ಅಂಗಬಲವನ್ನು ಪರೀಕ್ಷಿಸುತ್ತಾರೆ. ನಲವತ್ತು ಗಜದ ಓಟವೇ ಅದರಲ್ಲಿ ಪ್ರಸಿದ್ಧವಾದುದು. ತರುಣನೊಬ್ಬನ ಬಾಳು ಸೆಕೆಂಡಿನ ದಶಾಂಶಗಳ ಮೇಲೆ ತೂಗಾಡುವುದು ನ್ಯಾಯವೇ?

2000ದಲ್ಲಿ ಟಾಮ್ ಬ್ರೇಡಿ ಎಂಬಾತನು ಆ ದೂರವನ್ನು ಓಡಲು 5.28 ಸೆಕೆಂಡು ತೆಗೆದುಕೊಂಡನು. ತಂಡಗಳು 198 ಮಂದಿಯನ್ನು ಆರಿಸಿಕೊಂಡ ಮೇಲೆ ಆತನ ಸರದಿ ಬಂದಿತು. ಅದೇ ಬ್ರೇಡಿ ಮುಂದೆ ಏಳು ಬಾರಿ ಸೂಪರ್ ಬೌಲ್ ಗೆದ್ದನು. 2007ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜಮಾರ್ಕಸ್ ರಸೆಲ್, ಅಸಾಧಾರಣವಾದ ತೋಳ್ಬಲವಿದ್ದರೂ, ಮೂರೇ ಋತುಗಳಲ್ಲಿ ಹೊರಬಿದ್ದನು.

ಇಷ್ಟರಿಂದಲೇ ವೇಗವು ನಿಷ್ಪ್ರಯೋಜಕವೆನ್ನುವುದು ಆತುರದ ಮಾತು. ನಿಧಾನವಾಗಿ ಓಡಿ ಹೆಸರಿಲ್ಲದೆ ಹೋದವರ ಲೆಕ್ಕವಿಟ್ಟವರಾರು? ಕಾಲಿನ ಚುರುಕಿನಿಂದಲೇ ಎದುರಾಳಿಗಳನ್ನು ತಬ್ಬಿಬ್ಬುಗೊಳಿಸುವ ಲಮಾರ್ ಜಾಕ್ಸನ್ 2019ರಲ್ಲಿ ಸರ್ವಶ್ರೇಷ್ಠ ಆಟಗಾರನೆನಿಸಿದನು. ಆದರೆ ಆತನು 2018ರ ಪರೀಕ್ಷೆಯಲ್ಲಿ ಆ ಓಟವನ್ನು ಓಡಲೇ ಇಲ್ಲವೆಂಬುದು ಸ್ವಾರಸ್ಯ!

ಗಡಿಯಾರದೆದುರು ಓಡುವವನ ಮೇಲೆ ಯಾರೂ ಎರಗಿ ಬರುವುದಿಲ್ಲ. ಪಂದ್ಯದಲ್ಲಾದರೋ ಎರಡು ಮೂರು ಸೆಕೆಂಡುಗಳೊಳಗೆ ಎದುರಾಳಿಗಳ ವ್ಯೂಹವನ್ನರಿತು, ಚೆಂಡನ್ನು ಯಾರತ್ತ ಎಸೆಯಬೇಕೆಂದು ನಿಶ್ಚಯಿಸಬೇಕು. ಮಾತ್ರೆಗಳನ್ನು ತಪ್ಪದೆ ಎಣಿಸಬಲ್ಲವನೆಲ್ಲ ಕವಿಯಾಗುವನೆಂದು ಛಂದಸ್ಸು ಕಲಿಸುವ ನಾವು ಎಂದಾದರೂ ನಂಬಿದ್ದೇವೆಯೇ? ಆರಿಸುವ ಹೊಣೆ ನನ್ನದಾಗಿದ್ದರೆ ಓಟವನ್ನು ಒಮ್ಮೆ ನೋಡಿ, ಉಳಿದ ದಿನವೆಲ್ಲ ಆ ತರುಣನು ಕಾಲೇಜಿನಲ್ಲಿ ಸೋತ ಪಂದ್ಯಗಳ ಚಲನಚಿತ್ರಗಳನ್ನೇ ನೋಡುತ್ತ ಕುಳಿತಿರುತ್ತಿದ್ದೆನು.